ದಾರಿ ತಪ್ಪಿದವನು

ಇನ್ನೇನು ಬೆಣ್ಣೆ ತೇಲಬೇಕು ಅನ್ನುವಷ್ಟರಲ್ಲಿ ಕೆಜಾಯಾ ಕಡೆಗೋಲು ನಿಲ್ಲಿಸಿದಳು. ಬಾಗಿಲಾಚೆ, ತೊರೆಯಂಚಿನ ಹೊಲದಲ್ಲಿ, ಗಂಡ ಆನ್ಸೆಲ್ ಜೊತೆ ಅಪರಿಚಿತನೊಬ್ಬ ನಡೆಯುತ್ತಿದ್ದ. ಅವನು ಬಗ್ಗಿ ಒಂದು ಹಿಡಿ ಮಣ್ಣೆತ್ತಿದ, ಹಿಸುಕಿದ, ಮೂಗಿನ ಹತ್ತಿರ ಹಿಡಿದ.

"ಯಾರಂತೆ ಅವನು?" ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಅತ್ತೆ ಹೆಪ್ಸಿ ಕೇಳಿದಳು.

"ದಾರಿ ತಪ್ಪಿ ಬಂದೋನಂತೆ ಅತ್ತೆ. ಹೊಳೆ ದಾಟೋಕೆ ದೋಣಿ ಎಲ್ಲಿ ಸಿಗುತ್ತೆ ಅಂತ ಹುಡುಕ್ತಿದ್ದಾನಂತೆ. ನಿಮ್ಮ ಮಗ ಹೇಳಿದ್ರು."

"ಮಣ್ಣು ಮೂಸಿದ್ರೆ ದೋಣಿ ಸಿಗುತ್ತೇನೆ?" ಮುದುಕಿ ಸೂಜಿಯಿಂದ ಕಣ್ಣೆತ್ತಲಿಲ್ಲ. "ಆನ್ಸೆಲ್‌ನ ಅಪ್ಪನೂ ಹಿಂಗೇ ಕಣೆ. ಎಲ್ಲೋ ದೂರದಲ್ಲಿ ಇನ್ನೊಂದು ಮನೆ ಹೊಗೆ ಕಂಡ್ರೆ ಸಾಕು, ಇಲ್ಲಿ ಉಸಿರಾಡೋಕೂ ಜಾಗ ಇಲ್ಲ ಅಂತ ಬಂಡಿ ಹೂಡೋನು. ಮೂರು ಹೆತ್ತೆ, ಮೂರನ್ನೂ ಮೂರು ಸೀಮೇಲಿ."

ವಾರದಿಂದ ಒಂದೊಂದೇ ಸುಳಿವು ಕೆಜಾಯಾಳ ಕಣ್ಣಿಗೆ ಬೀಳುತ್ತಿತ್ತು. ಆನ್ಸೆಲ್ ಸಿಳ್ಳೆ ಹಾಕತೊಡಗಿದ್ದ. ಮುರಿದ ಬೇಲಿ ಮುರಿದ ಹಾಗೇ ಇತ್ತು, ಬಂಡಿಯ ಅಚ್ಚು ಮಾತ್ರ ಹೊಸ ಕೀಲೆಣ್ಣೆಯಿಂದ ಹೊಳೆಯುತ್ತಿತ್ತು. ಅವಳು ಒಹಾಯೊದಲ್ಲಿ ಸೇಬಿನ ಗಿಡ ನೆಟ್ಟು ಬಿಟ್ಟುಬಂದಿದ್ದಳು. ಆಮೇಲೆ ಇಂಡಿಯಾನಾದಲ್ಲಿ, ಆಮೇಲೆ ಇಲಿನಾಯ್‌ನಲ್ಲಿ. ಒಂದರ ಹಣ್ಣನ್ನೂ ಕಚ್ಚಿ ನೋಡಿರಲಿಲ್ಲ. ಈ ಐಯೊವಾದ ಗಿಡಗಳು ಈ ವಸಂತದಲ್ಲಿ ಮೊದಲ ಸಲ ಹೂ ಬಿಟ್ಟಿದ್ದವು.

ಅವಳು ತನ್ನ ಲಂಗಕ್ಕೇ ಕೈ ಒರೆಸಿಕೊಂಡು ಬಾವಿಯ ಬಳಿಗೆ ಹೋದಳು. ಗಂಡಸರಿಬ್ಬರೂ ಅಲ್ಲಿಗೇ ಬಂದಿದ್ದರು. ಸೋರೆಬುರುಡೆಯಲ್ಲಿ ನೀರು ತುಂಬಿ ಕೊಟ್ಟಳು. ದಾರಿ ಸವೆಸಿ ದಣಿದವನು ಗಟಗಟ ಕುಡಿಯುತ್ತಾನೆ. ಇವನು ಒಂದು ಗುಟುಕನ್ನು ಬಾಯಲ್ಲೇ ಹೊರಳಾಡಿಸಿ, ನಿಧಾನವಾಗಿ ನುಂಗಿದ.

"ಒಳ್ಳೆ ಸಿಹಿನೀರು. ಏನಮ್ಮಾ, ಆಗಸ್ಟ್‌ನಲ್ಲಿ ಬಾವಿ ಬತ್ತುತ್ತಾ?"

"ದೋಣಿಗೆ ಬಲಕ್ಕೆ ತಿರುಗಬೇಕು," ಎಂದಳು ಕೆಜಾಯಾ.

ಅವನಿಗೆ ಅದು ಬೇಕಿದ್ದಂತೆ ಕಾಣಲಿಲ್ಲ. "ಈ ಕಡೆ ಚಳಿಜ್ವರದ ಕಾಟ ಇದೆಯಾ? ಅದೊಂದಿದ್ರೆ ನಮ್ಮವಳು ಬಂಡಿಯಿಂದ ಕೆಳಗೇ ಇಳಿಯಲ್ಲ. ಅವಳ ತಂಗಿ ಸತ್ತಿದ್ದೇ ಅದರಲ್ಲಿ."

"ಚಳಿಜ್ವರಾನಾ?" ಆನ್ಸೆಲ್ ನಡುವೆ ಬಾಯಿ ಹಾಕಿದ. "ಹಂಗಂದ್ರೇನು ಅಂತ ಈ ಮನೇಲಿ ಯಾರಿಗೂ ಗೊತ್ತಿಲ್ಲ! ಇವಳನ್ನೇ ನೋಡಿ, ಕಲ್ಲುಗುಂಡು!"

ಹೇಳುವಾಗ ಅವನು ಹೆಂಡತಿಯ ಮುಖ ನೋಡಲಿಲ್ಲ. ಇಲ್ಲಿಗೆ ಬಂದ ಮೊದಲ ಎರಡು ಬೇಸಿಗೆ, ಮನೆಮಂದಿಯೆಲ್ಲ ದಿನ ಬಿಟ್ಟು ದಿನ ಗಡಗಡ ನಡುಗಿದ್ದರು. ಕೈಯಲ್ಲಿದ್ದ ಬಟ್ಟಲೂ ನಿಲ್ಲುತ್ತಿರಲಿಲ್ಲ. ಕಾಲುವೆ ತೋಡಿ ಜೌಗು ಬಸಿದ ಮೇಲೆಯೇ ಜ್ವರ ಬಿಟ್ಟದ್ದು.

ಆನ್ಸೆಲ್ ಬಂದವನ ಕುದುರೆ ಬಿಚ್ಚಿ ತರಲು ಹೋದ. ಅಪರಿಚಿತ ಪ್ರೀತಿಯಿಂದಲೇ ದನಿ ತಗ್ಗಿಸಿದ. "ನಾಳೆ ಮಧ್ಯಾಹ್ನ ನಮ್ಮವಳನ್ನೂ ಕರ್ಕೊಂಡು ಬರ್ತೀನಮ್ಮಾ. ಅವಳು ಹೂಂ ಅಂದ್ಬಿಟ್ರೆ ವ್ಯಾಪಾರ ಮುಗೀತು. ನಿಮ್ಮನೆಯವರು ಹೇಳಿರಬೇಕಲ್ಲ?"

"ಹೇಳಿದ್ದಾರೆ," ಎಂದಳು ಅವಳು.

ಊಟಕ್ಕೆ ಕೂತಾಗ ಆನ್ಸೆಲ್ ಮೆಕ್ಕೆಜೋಳದ ರೊಟ್ಟಿ ಮುರಿಯುತ್ತ, "ಪಾಪ, ದಾರಿ ಸಿಕ್ತು ಅಂತ ಖುಷಿಯಾಗಿ ಹೋದ," ಎಂದ. ತುಸು ತಡೆದು, "ನಾಳೆ ನೀನು, ಅಮ್ಮ, ಇಬ್ರೂ ಪಕ್ಕದವರ ಮನೆಗಾದ್ರೂ ಹೋಗಿಬನ್ನಿ. ಎಷ್ಟು ದಿನ ಆಯ್ತು ಹೊರಗೆ ಹೋಗಿ," ಅಂದ.

"ಏನಪ್ಪಾ ಇದ್ದಕ್ಕಿದ್ದ ಹಾಗೆ ಇಷ್ಟೊಂದು ಕಕ್ಕುಲಾತಿ!" ಎಂದಳು ಹೆಪ್ಸಿ.

"ಅತ್ತೆ ಬೇಕಾದ್ರೆ ಹೋಗ್ಲಿ," ಎಂದಳು ಕೆಜಾಯಾ. "ನನಗೆ ಮನೇಲಿ ಕೆಲಸ ಇದೆ."

ಏನು ಕೆಲಸವೆಂದು ಯಾರೂ ಕೇಳಲಿಲ್ಲ. ಅವನು ಸಿಳ್ಳೆ ಹಾಕುತ್ತ ಲಾಯದ ಕಡೆ ಹೋದ. ಮುದುಕಿ ಕೂತಲ್ಲೇ ತೂಕಡಿಸಿದಳು. ಕೆಜಾಯಾ ಬಲಗೈಯನ್ನು ಮುಂದೆ ಚಾಚಿ, ಒಮ್ಮೆ ನಡುಗಿಸಿ ನೋಡಿದಳು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಹಲ್ಲುಗಳಿಗೆ ಮಾತ್ರ ಕಟಕಟಿಸಲು ಇನ್ನಷ್ಟು ರೂಢಿ ಬೇಕಿತ್ತು.