ಮೂರನೇ ಲೈನಿನ ಸುದ್ದಿ

ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ದಿನ ಅಳುಕಿದ್ದೇನೆ. ಕಾರ್ಖಾನೆ ನಡೆಸುವವರ ಕಷ್ಟ ನನಗೆ ಗೊತ್ತಿಲ್ಲ, ಯಾರದು ಸರಿ ಎನ್ನುವ ಯೋಗ್ಯತೆಯೂ ಇಲ್ಲ. ಎಲ್ಲಾದರೂ ತಪ್ಪಿದ್ದರೆ ಓದಿದವರು ಕ್ಷಮಿಸಬೇಕು.

ರಾಜಕುಮಾರ ವಂದನಾಳ ಮೇಜಿನ ಖಾನೆ ತೆರೆದು ನೋಡುತ್ತಿದ್ದ. ಆಕೆ ಊಟದ ಡಬ್ಬಿ ತೊಳೆಯಲು ಹೋಗಿದ್ದಳು. ಒಳಗೆ ಒಂದು ಬಾಚಣಿಗೆ, ಜಮಖಂಡಿಯ ಬಸ್ ಪಾಸು, ತಲೆನೋವಿನ ಮಾತ್ರೆ. ಬೇರೇನೂ ಇರಲಿಲ್ಲ. ಅವನು ಖಾನೆ ಮುಚ್ಚಿದ. ಇಂಥ ಕೆಲಸ ಮಾಡುವ ಗತಿ ಬಂತಲ್ಲ ಎಂದು ಬೇಸರವಾಯಿತು.

ಬನಹಟ್ಟಿಯ ಹೊರಗೆ ಅಂಗಿ ಹೊಲಿಯುವ ಈ ಕಾರ್ಖಾನೆ ಶುರುವಾಗಿ ಎರಡು ವರ್ಷ. ತಾಲೂಕು ಬೆಳೆಯುತ್ತಿದೆ ಎಂದು ಸಾರುವ ಉದ್ಘಾಟನೆಯ ಬ್ಯಾನರು ಗೇಟಿನ ಮೇಲೆ ಬಿಸಿಲಿಗೆ ಮಾಸಿ ಇನ್ನೂ ಜೋತುಬಿದ್ದಿತ್ತು. ಹೊಲಿಗೆ ಯಂತ್ರಗಳ ಮೂರು ಲೈನ್, ನೂರಿಪ್ಪತ್ತು ಹೆಣ್ಣುಮಕ್ಕಳು. ಬಹುತೇಕ ಎಲ್ಲರೂ ನೇಕಾರರ ಮನೆಯವರು; ಮನೆಯ ಪಾವರ್‌ಲೂಮ್ ಗುಜರಿಗೆ ಹಾಕಿ ಬಂದವರು. ಮ್ಯಾನೇಜರ್ ರಾಜಕುಮಾರ ಬೀಳಗಿಯವನು, ನೌಕರಸ್ಥರ ಮನೆತನ. ಕಚೇರಿ ಕೆಲಸಕ್ಕೆ ವಂದನಾ ಒಬ್ಬಳೇ. ಅವಳ ಸಂಬಳದ ಮೇಲೆ ತಂಗಿಯ ಓದು ನಡೆದಿತ್ತು.

ಅವರಿಬ್ಬರ ಕೋಣೆ ಹೊಲಿಗೆ ಲೈನುಗಳ ಎದುರಿಗೇ ಇತ್ತು, ಮುಂಭಾಗ ಪೂರ್ತಿ ಗಾಜು. ಬಾಗಿಲು ಹಾಕಿದರೆ ಯಂತ್ರಗಳ ಸದ್ದು ಒಳಗೆ ಬರುವುದಿಲ್ಲ, ಒಳಗಿನ ಮಾತು ಹೊರಗೆ ಹೋಗುವುದಿಲ್ಲ. ಹೆಡ್ ಆಫೀಸಿನ ಫೋನ್ ಬಂದರೆ ರಾಜಕುಮಾರ ಗಾಜಿನ ಹತ್ತಿರ ಬಂದು, ಕೆಲಸ ನೋಡುತ್ತಲೇ ಮಾತಾಡುತ್ತಿದ್ದ.

ಆದರೂ ಮಾತು ಹೊರಗೆ ಹೋಗುತ್ತಿತ್ತು.

ಎರಡನೇ ಶೆಡ್ ಇಲ್ಲಿ ಕಟ್ಟುವುದಿಲ್ಲ, ಲೋಕಾಪುರದ ಕಡೆ ಕಟ್ಟುತ್ತಾರೆ ಎಂಬ ಸುದ್ದಿ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಆಮೇಲೆ ಮೂರನೇ ಲೈನಿನ ಸುದ್ದಿ. ಆ ಲೈನ್ ನಿಲ್ಲಿಸುವುದು, ನಲವತ್ತು ಜನರನ್ನು ಬಿಡುವುದು. ಗುಟ್ಟಾಗಿರಲಿ ಎಂದು ಹೆಡ್ ಆಫೀಸು ಎರಡೆರಡು ಸಲ ಎಚ್ಚರಿಸಿತ್ತು. ಗಂಟೆ ಕಳೆಯುವುದರೊಳಗೆ ಮೊದಲನೇ ಯಂತ್ರದ ರುಕ್ಮವ್ವ ಅವನನ್ನು ತಡೆದು ನಿಲ್ಲಿಸಿದಳು.

"ಸಾಹೇಬ್ರ, ಮೂರನೇ ಲೈನ್ ಬಂದ್ ಮಾಡ್ತೀರಂತ, ಖರೇ ಏನ್ರಿ?"

"ಯಾರ್ ಹೇಳಿದ್ರು ನಿನಗ?"

"ನೀವ ಹೇಳಿದ್ರೆಲ್ರೀ!"

ಸುತ್ತಲಿನವರು ನಕ್ಕರು. ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅಂದಿನಿಂದ ಎಲ್ಲರ ಮೇಲೂ ಕಣ್ಣಿಟ್ಟ. ಕೆಲಸ ಮಾಡುವಾಗ ಅವರ ಬಾಯಿ ಸದಾ ಆಡುತ್ತಿತ್ತು. ತಂಬಾಕು ಇರಬೇಕೆಂದು ಗೇಟಿನಲ್ಲಿ ಚೀಲ ತಪಾಸಣೆ ಮಾಡಿಸಿದ. ಗುರುಬಸವ್ವನ ಚೀಲದಲ್ಲಿ ಎರಡು ಲವಂಗ ಸಿಕ್ಕವು, ಅಷ್ಟೇ. ಊಟದ ಹೊತ್ತಿನಲ್ಲಿ ಫೋನ್ ಬಂದರೆ ಕೆಲವರು ಗೋಡೆಗೆ ಮುಖ ಮಾಡಿ ಮಾತಾಡುತ್ತಿದ್ದರು. ಅದನ್ನೂ ಗಮನಿಸಿದ. ಹೆಡ್ ಆಫೀಸು ದಿನಾ ಒಂದೇ ಪ್ರಶ್ನೆ ಕೇಳುತ್ತಿತ್ತು: ಹೆಸರು ಸಿಕ್ಕಿತೇ?

ಮುಂದಿನ ವಾರ ಅವನು ಹಲ್ಲು ಕೀಳಿಸಿಕೊಂಡು ಬಂದ. ದಿನವಿಡೀ ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಇದ್ದ. ಲೈನ್ ನಿಲ್ಲಿಸುವ ತಾರೀಖು ಫೋನಿನಲ್ಲಿ ಗೊತ್ತಾದದ್ದು ಅಂದೇ. ಆ ತಾರೀಖು ಮಾತ್ರ ಯಾರಿಗೂ ತಿಳಿಯಲಿಲ್ಲ. ಅಂದು ವಂದನಾ ರಜೆ ಹಾಕಿದ್ದಳು.

ಹೆಸರು ಸಿಕ್ಕಿತ್ತು.

ಡಬ್ಬಿ ತೊಳೆದುಕೊಂಡು ಬಂದವಳನ್ನು ಅವನು ಎದುರಿನ ಕುರ್ಚಿಯಲ್ಲಿ ಕೂರಿಸಿ ಬಾಗಿಲು ಹಾಕಿದ. ಅವಳ ಬೆನ್ನು ಗಾಜಿನ ಕಡೆಗಿತ್ತು. ಅವಳ ಮುಖ ನೋಡಲಾಗದೆ ಅವನು ಗಾಜಿನಾಚೆ ನೋಡುತ್ತ ಹೇಳಿದ.

"ಇಲ್ಲಿ ಮಾತ ಹೊರಗ ಒಯ್ಯಾವರು ನೀವ. ನಾಳಿಂದ ಬರಬ್ಯಾಡ್ರಿ."

"ಸರ್, ನಾ ಊಟಾನೂ ಇಲ್ಲೇ ಒಬ್ಬಾಕೀನ ಮಾಡ್ತೀನಿ. ಅವರು ನನ್ನ ಕೂಡ ಮಾತಾಡೂದ ಇಲ್ರಿ. ಯಾರಿಗೆ ಹೇಳ್ಲಿ?"

"ನಾ ತಪ್ಪಸಾಕ ನೋಡಿದೆ. ಹೆಡ್ ಆಫೀಸಿನಾವರು ಕೇಳವಲ್ರು."

ಅದು ಸುಳ್ಳು. ತಪ್ಪಿಸಲು ಅವನು ಪ್ರಯತ್ನಿಸಿರಲಿಲ್ಲ. ವಂದನಾ ಬಾಚಣಿಗೆ, ಪಾಸು, ಮಾತ್ರೆ ಚೀಲಕ್ಕೆ ಹಾಕಿಕೊಂಡು, ಯಾರೊಡನೆಯೂ ಮಾತಾಡದೆ ಗೇಟು ದಾಟಿ ಹೋದಳು.

ಅವಳು ಕಣ್ಮರೆಯಾಗುವ ಮೊದಲೇ ರುಕ್ಮವ್ವ ಬಾಗಿಲು ತಳ್ಳಿಕೊಂಡು ಬಂದಳು.

"ಆ ಹುಡುಗೀನ ಯಾಕ ತಗದ್ರಿ? ಅಕಿ ಯಾವಾಗ ಮಾತ ಒಯ್ದಾಳ್ರಿ?"

ರಾಜಕುಮಾರ ಕುರ್ಚಿಯಿಂದ ಎದ್ದ. "ಇಲ್ಲಿ ನಾವಿಬ್ಬರ ಇದ್ವಿ. ಬಾಗಲಾ ಹಾಕಿತ್ತು. ನಿನಗ ಯಾರ್ ಹೇಳಿದ್ರು?"

"ನೀವ ಹೇಳಿದ್ರಿ. ಅಕಿ ಏನಂದ್ಲೋ ಗೊತ್ತಾಗ್ಲಿಲ್ಲ, ಬೆನ್ನ ನಮ್ಮ ಕಡೆ ಇತ್ತು."

ಅವನು ಗಾಜಿನ ಕಡೆ ತಿರುಗಿ ನೋಡಿದ.

"ಮನ್ಯಾಗ ಎಂಟ ಮಗ್ಗ ಬಡಿಯೂದ್ರಾಗ ಯಾರ ಮಾತ ಕೇಳಸ್ತೈತ್ರಿ? ನಮ್ಮವ್ವ ಉಣ್ಣಾಕ ಕರದದ್ದೂ ನಾ ಕಿವಿಲೆ ಕೇಳಿಲ್ಲ, ತುಟಿ ನೋಡೇ ಹೋಗಾಕಿ. ಇಲ್ಲಿರಾವ್ರೆಲ್ಲಾ ಹಂಗ ಬೆಳದಾವ್ರ. ಮುಚ್ಚಿಡೂ ಮಾತಿದ್ರ ಬೆನ್ನ ತಿರುವ್ತೇವಿ. ನೀವು ದಿನಾ ನಮ್ಮ ಕಡೆ ಮುಖಾ ಮಾಡಿ ಹೇಳ್ತಿದ್ರಿ. ಪಾಪ, ಸಾಹೇಬ್ರು ಬಾಯಿ ಬಿಟ್ಟ ಹೇಳಾಕ ಬರಲ್ದ ಹಿಂಗ ತಿಳಸಾಕತ್ಯಾರ ಅಂತ ತಿಳ್ಕೊಂಡಿದ್ವಿ."

ಅವಳು ತನ್ನ ಯಂತ್ರಕ್ಕೆ ಹೋಗಿ ಕೂತಳು. ಹಿಂತಿರುಗಿ, ಹಿಂದಿನ ಸಾಲಿನವರಿಗೆ ಏನೋ ಅಂದಳು. ಬಾಯಿಂದ ಬಾಯಿಗೆ ಅದು ಮೂರನೇ ಲೈನಿನ ಕೊನೆಯವರೆಗೂ ಹೋಯಿತು. ಯಾರೂ ತಂಬಾಕು ತಿನ್ನುತ್ತಿರಲಿಲ್ಲ.

ರಾಜಕುಮಾರ ವಂದನಾಳ ನಂಬರ್ ಒತ್ತಿದ. ರಿಂಗಾಗತೊಡಗಿತು. ಗಾಜಿನಾಚೆ ಬಾಯಿಗಳೆಲ್ಲ ನಿಂತವು. ನೂರಿಪ್ಪತ್ತು ಜನ ಅವನ ತುಟಿಯನ್ನೇ ನೋಡುತ್ತ ಕಾದರು.

ಅವನು ಬೆನ್ನು ತಿರುಗಿಸಿದ. ವಂದನಾ ಫೋನ್ ಎತ್ತಿದಳೋ ಇಲ್ಲವೋ, ಎತ್ತಿದ್ದರೆ ಅವನು ಏನೆಂದನೋ, ಅಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.