ಬಾಗಿಲ ಕಡೆಗೆ

ಸಗಣಿ ನೀರು ಬಿದ್ದ ಸಿಮೆಂಟಿನ ವಾಸನೆ ಬಂದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಆಗ ನಾವು ತಾಯಲೂರಿನಲ್ಲಿದ್ದೆವು. ಕ್ರಿಸ್‌ಮಸ್ ರಜೆ ಹತ್ತಿರವಾದಾಗ ನನ್ನ ಕ್ಲಾಸಿನ ಸ್ಟೆಲ್ಲಾ ಹಬ್ಬಕ್ಕೆ ಕರೆಯಲು ಬಂದಳು. ನಾನೇ ಅವಳನ್ನು ನಡುಮನೆಯ ಕಂಬದ ಹತ್ತಿರ ಕೂರಿಸಿದೆ. ಅಜ್ಜಿ ಎತ್ತರದಿಂದ ಬೊಗಸೆಗೆ ಹಾಕಿದ ಕಡಲೆಕಾಯಿ ತಿಂದು, ಸ್ಟೆಲ್ಲಾ ನಗುತ್ತಾ ಹೋದಳು.

ಅವಳು ಬೀದಿ ತಿರುಗುವ ಮೊದಲೇ ಅಜ್ಜಿ ಬಕೆಟ್ಟಿನಲ್ಲಿ ಸಗಣಿ ಕಲಸಿ ತಂದು ನೆಲಕ್ಕೆ ಚೆಲ್ಲಿದಳು. "ಕಂಬದ ಹತ್ರ ಚೆನ್ನಾಗಿ ತೊಳಿಯೇ, ಅವ್ಳು ಕೂತಿದ್ದು ಅಲ್ಲೇ," ಎಂದು ಪೊರಕೆ ಕೊಟ್ಟು ಹಿತ್ತಲಿಗೆ ಹೋದಳು.

ನಾನು ಉಜ್ಜುತ್ತಿದ್ದಾಗ, ಮರೆತ ಸ್ವೆಟರ್‌ಗಾಗಿ ಸ್ಟೆಲ್ಲಾ ವಾಪಸ್ ಬಂದಳು.

"ನಿಮ್ಮನೇಲೂ ಹಬ್ಬದ ಕ್ಲೀನಿಂಗ್ ಶುರುವಾಯ್ತೇನೇ?"

"ಹೂಂ," ಎಂದೆ.

ಅವಳು ಲಂಗ ಎತ್ತಿ ಸಿಕ್ಕಿಸಿ, ಪೊರಕೆ ಕಿತ್ತುಕೊಂಡಳು. "ಹಂಗಲ್ಲ ಕಣೇ. ಒಳಗಿಂದ ಬಾಗ್ಲ ಕಡೆಗೆ ತಳ್ಕೊಂಡ್ ಬಂದ್ರೆ ಬೇಗ ಮುಗಿಯುತ್ತೆ. ನಮ್ಮಮ್ಮ ಹೇಳ್ಕೊಟ್ಟಿದ್ದು."

ಕಂಬದ ಬುಡದಿಂದ ಹೊಸ್ತಿಲವರೆಗೆ ಒಂದು ಚೂರೂ ಬಿಡದೆ ತೊಳೆದಳು. ನಾನು ನೀರು ಹಾಕುತ್ತಾ ಬಂದೆ.

ಅವಳು ಸ್ವೆಟರ್ ಹಿಡಿದು ಹೊರಟ ಮೇಲೆ ಅಜ್ಜಿ ಒಳಗೆ ಬಂದು, ಹೊಳೆಯುವ ನೆಲವನ್ನು ನೋಡಿ ನನ್ನ ಗಲ್ಲ ಸವರಿದಳು.

"ಜಾಣೆ ಕಣೇ ನೀನು. ಈಗ ಮನೆ ಮನೆ ಇದ್ದಂಗೈತೆ."