ಕಾರ್ಬೊರೇಟರಿನ ಅಂಟು

ಬೆಳಿಗ್ಗೆ ಜಗಳವಾಡಿ ಕೆಲಸಕ್ಕೆ ಹೋದ ಚಿಕ್ಕತಾಯಿಯ ಗಂಡ ರಾತ್ರಿ ಕೆರೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಸೊಸೆಯ ಮಾತಿಗೇ ಮಗ ಹಾರಿಕೊಂಡ ಎಂದು ಅತ್ತೆ ಅಂದಿನಿಂದ ಅವಳ ಕೈಯ ನೀರು ಮುಟ್ಟಿರಲಿಲ್ಲ. ಕಾಲು ಜಾರಿರಬಹುದು ಎನ್ನಲು ಅವಳಿಗೂ ಧೈರ್ಯವಿರಲಿಲ್ಲ.

ನಾಲ್ಕು ತಿಂಗಳ ಮೇಲೆ, ಕಾಲೇಜು ಮೈದಾನದಲ್ಲಿ ಅವನು ಮಾಡುತ್ತಿದ್ದ ಕೆಲಸವನ್ನು ಅವಳಿಗೇ ಕೊಟ್ಟರು. ಅವನು ಹೋದ ಮೇಲೆ ಯಾರೂ ಮುಟ್ಟಿರದ ಹುಲ್ಲು ಕತ್ತರಿಸುವ ಮಿಷನ್ ಮಾತ್ರ ಸ್ಟಾರ್ಟ್ ಆಗಲಿಲ್ಲ. ರಿಪೇರಿ ಅಂಗಡಿಗೆ ತಂದಳು.

ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿದ. ಒಳಗೆ ಪೆಟ್ರೋಲು ಒಣಗಿ ಬೆಲ್ಲದ ಪಾಕದಂತೆ ಕಚ್ಚಿಕೊಂಡಿತ್ತು.

"ಏನಮ್ಮ ಇದು, ಟ್ಯಾಂಕ್ ತುಂಬಿಸಿ ಹಂಗೇ ಬಿಟ್ಟವ್ರೆ. ಮಿಷನ್ ಗೊತ್ತಿರೋರು ಮಾಡೋ ಕೆಲಸಾನಾ?"

"ನಮ್ಮನೆಯವ್ರು ಹಂಗೆ ಬಿಡೋರಲ್ಲಣ್ಣ. ಎರಡು ದಿನ ಊರಿಗೆ ಹೋಗೋದಾದ್ರೂ ಪೂರ್ತಿ ಬಸಿದು, ಒರೆಸಿಟ್ಟೇ ಹೋಗೋರು."

"ಹಂಗಾದ್ರೆ ಮಾರನೇ ದಿನ ಬರೋಕೇ ಇದ್ರು ಬಿಡಿ. ನಾಳೆ ಕೆಲಸಕ್ಕೆ ಬರೋರು ತಾನೇ ಸಂಜೇನೇ ಟ್ಯಾಂಕ್ ತುಂಬಿಸಿಡೋದು?"

ಅವನು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆ ಅಂಟಿನ ಮೇಲಿಡಲು ಹೋದ. ಚಿಕ್ಕತಾಯಿ ಅವನ ಮಣಿಕಟ್ಟು ಹಿಡಿದುಕೊಂಡಳು.

"ತೊಳೀಬೇಡಿ ಅಣ್ಣ. ನಮ್ಮತ್ತೇನ ಕರ್ಕೊಂಡು ಬರ್ತೀನಿ, ಮೊದಲು ಅವ್ರು ನೋಡ್ಲಿ."